ಉಣ್ಣುವ ಕೈಯ ಕಡೆ

ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ನೀರಿನ ತಂಬಿಗೆ ನನ್ನ ಎಡಗಡೆಗೆ ಇರುತ್ತದೆ. ಹಿತ್ತಾಳೆಯ ಸಣ್ಣ ತಂಬಿಗೆ. ಕಂಠದ ಕೆಳಗೆ, ಎಂದೋ ಯಾರ ಕೈಯಿಂದಲೋ ಜಾರಿ ಬಿದ್ದು ಆದ, ಹೆಬ್ಬೆರಳು ಕೂಡುವಷ್ಟು ನೆಗ್ಗು. ಬಲಗೈ ರೊಟ್ಟಿ ಪಲ್ಯದಲ್ಲಿ ತೊಡಗಿರುವಾಗ ಎಡಗೈ ಕಣ್ಣಿನ ಸಹಾಯ ಬೇಡದೆ ಅತ್ತ ಹೋಗಿ ಆ ನೆಗ್ಗನ್ನು ಹುಡುಕಿಕೊಳ್ಳುತ್ತದೆ. ಅದು ದಿನವೂ ಅಲ್ಲಿಯೇ ಇರುತ್ತದೆಂಬ ನಂಬಿಕೆ ನನ್ನ ಕೈಗೆ ಇದೆ. ಯಾರು ಇಟ್ಟರು, ಹೇಗೆ ಇಟ್ಟರು ಎಂಬ ಪ್ರಶ್ನೆ ಮಾತ್ರ ಕೈಗೂ ಬಂದಿಲ್ಲ, ಬಹುಕಾಲ ತಲೆಗೂ ಬಂದಿರಲಿಲ್ಲ.

ಈ ತಂಬಿಗೆಯನ್ನು ಕಂಡಾಗ ನನಗೆ ಆಗಾಗ ಬೈಲಹೊಂಗಲದ ಹಳೆಯ ಪೊಲೀಸ್ ಠಾಣೆ ನೆನಪಾಗುತ್ತದೆಂದರೆ, ಗೆಳೆಯರೇ, ನೀವು ಹುಬ್ಬೇರಿಸುವುದು ಸಹಜ. ಸ್ವಲ್ಪ ತಾಳಿಕೊಳ್ಳಿ. ತಂಬಿಗೆಯಿಂದ ಠಾಣೆಗೆ ಹೋಗುವ ಹಾದಿ ಇದೆ. ಆದರೆ ಅದು ನನ್ನ ನೆನಪಿನ ಹಾದಿಯಾದ್ದರಿಂದ ನಡುವೆ ಎಲ್ಲಿಯಾದರೂ ಕುಸಿದಿರಬಹುದು. ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಪುಣೆಯ ಕಾಲೇಜಿನಲ್ಲಿದ್ದಾಗ ದಿನಚರಿ ಬರೆಯುವ ಚಟ ಹಿಡಿಯಿತು. ಅಂದಿನಿಂದ ನೆನಪು ಒಂದು ಹೇಳಿದರೆ ದಿನಚರಿಯನ್ನು ತೆಗೆದು ತಾಳೆ ನೋಡುವ ಗುಮಾನಿಯೂ ಅಂಟಿಕೊಂಡಿತು. ಈ ಸಂಗತಿಯ ದಿನಚರಿಯನ್ನು ತೆಗೆದು ನೋಡಿದೆ. ಇರುವುದು ಒಂದು ಸಾಲು: “ಠಾಣೆಗೆ ಹೋಗಿ ಗಡಿಯಾರ ಕೂಡಿಸಿಕೊಂಡೆ. ಒಂದು ಚಹರೆ ಪಟ್ಟಿ ಬರೆದುಕೊಟ್ಟೆ.” ಬರೆದುಕೊಟ್ಟೆ ಎಂಬುದರಲ್ಲಿ ಸ್ವಲ್ಪ ಹೆಮ್ಮೆಯಿದೆ. ಏನು ಬರೆದೆ ಎಂಬುದಿಲ್ಲ.

ಆಗ ನನಗೆ ಇಪ್ಪತ್ತು ವರ್ಷ. ರಜೆಗೆ ಊರಿಗೆ ಬಂದಿದ್ದೆ. ಕಿಸೆಯಲ್ಲಿ ಹೊಸ ಗಡಿಯಾರವಿತ್ತು. ಅದನ್ನು ತೆಗೆದು ನೋಡುವುದಕ್ಕೇ ದಿನಕ್ಕೆ ಹತ್ತು ಸಲ ಹೊತ್ತು ಮಾಡಿಕೊಳ್ಳುತ್ತಿದ್ದೆ. ಊರಿಗೆ ಹೊತ್ತು ಹೇಳುತ್ತಿದ್ದುದು ಠಾಣೆ. ಅದರ ಮುಂದಿನ ಬೇವಿನ ಮರಕ್ಕೆ ಕಂಚಿನ ದುಂಡು ಬಿಲ್ಲೆಯೊಂದನ್ನು ತೂಗುಹಾಕಿ, ಪಹರೆಯ ಸಿಪಾಯಿ ಕಟ್ಟಿಗೆಯ ಕೊಡತಿಯಿಂದ ಅದನ್ನು ಬಾರಿಸುತ್ತಿದ್ದ. ತಾಸು ಎಂದರೆ ನಮ್ಮ ಕಡೆ ಹೊತ್ತೂ ಹೌದು, ಹೊತ್ತನ್ನು ಸಾರುವ ಆ ಬಿಲ್ಲೆಯೂ ಹೌದು. ಆದ್ದರಿಂದ ನಮ್ಮ ಊರಿನಲ್ಲಿ ತಾಸನ್ನು ಕೈಯಿಂದ ಮುಟ್ಟಬಹುದಾಗಿತ್ತು. ದಿನವೂ ಬೆಳಿಗ್ಗೆ ಹತ್ತರ ತಾಸಿಗೆ ನಾನು ಅಲ್ಲಿಗೆ ಹೋಗಿ, ಒಂದು ನಿಮಿಷವೂ ಹೆಚ್ಚುಕಡಿಮೆಯಾಗದಂತೆ ಮುಳ್ಳು ಕೂಡಿಸಿಕೊಂಡು ಬರುತ್ತಿದ್ದೆ.

ಠಾಣೆಗೆ ಜನ ಬರುತ್ತಿದ್ದುದು ಕಳ್ಳತನ, ಹೊಡೆದಾಟಕ್ಕಾಗಿಯೇ ಅಲ್ಲ. ಜ್ವರದ ಗುಳಿಗೆ ಅಲ್ಲಿ ಸಿಗುತ್ತಿತ್ತು. ಪ್ಲೇಗಿಗೆ ಹೆದರಿ ಊರೆಲ್ಲ ಹೊಲದ ಗುಡಿಸಲು ಸೇರಿದ್ದ ವರ್ಷ ಮನೆಗಳ ಕೀಲಿಕೈಗಳು ಅಲ್ಲಿಯ ಗೋಡೆಯ ಮೊಳೆಗಳಿಗೆ ತೂಗಾಡಿದ್ದವು. ತಪ್ಪಿಸಿಕೊಂಡ ಎಮ್ಮೆಗೆ, ತಪ್ಪಿಹೋದ ಕೂಸಿಗೆ, ಸರಕಾರಿ ಕಾಗದ ಬಂದು ಗಾಬರಿಯಾದವನಿಗೆ, ಎಲ್ಲರಿಗೂ ಅದೇ ಕಟ್ಟೆ. ಇದನ್ನೆಲ್ಲ ಬರೀ ಹೊಗಳಿ ಬಿಡಲಾರೆ. ಅದೇ ಕಟ್ಟೆಯ ಹಿಂದಿನ ಕೋಣೆಯಿಂದ ಬೆತ್ತದ ಸಪ್ಪಳವನ್ನೂ ನಾನು ಕೇಳಿದ್ದೇನೆ. ಗುಳಿಗೆ ಕೊಡುವ ಕೈಯೇ ಬೆತ್ತ ಹಿಡಿಯುತ್ತಿತ್ತು. ಒಂದನ್ನು ನೆನೆದು ಇನ್ನೊಂದನ್ನು ಮರೆತರೆ ಅದು ನೆನಪಲ್ಲ, ಓಲೈಕೆ.

ಆ ಕೈ ಹುಸೇನಸಾಬ ಹವಾಲ್ದಾರರದು. ಕಿತ್ತೂರಿನವರು, ಎತ್ತರದ ಆಳು, ಮಾತು ಮೆಲ್ಲಗೆ. ಮೀಸೆ ದೊಡ್ಡದಿತ್ತೆಂದು ಬರೆಯಬೇಕೆನ್ನಿಸುತ್ತದೆ. ಆದರೆ ಹವಾಲ್ದಾರರೆಂದ ಕೂಡಲೇ ಮನಸ್ಸು ತಾನಾಗಿ ಮೀಸೆ ಅಂಟಿಸುತ್ತದೆಯೇನೋ, ಬಿಟ್ಟುಬಿಡುತ್ತೇನೆ.

ಆ ದಿನ ನಾನು ಹೋದಾಗ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕುಳಿತಿದ್ದರು. ಒಬ್ಬಳು ನೀಲವ್ವ, ಬಡಿಗೇರ ಕಾಳಪ್ಪನ ಹೆಂಡತಿ. ಆ ಮನೆಯವರು ಕಿತ್ತೂರಿನ ಆಚೆಯ ಒಂದು ಹಳ್ಳಿಯಿಂದ ನಮ್ಮೂರಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಇನ್ನೊಬ್ಬಳು ನೆರೆಮನೆಯ ಮುದುಕಿ ಬಾಳವ್ವ. ನೀಲವ್ವನ ಮಾವ ಎರಡು ದಿನಗಳ ಹಿಂದೆ ಮನೆಯಿಂದ ಎದ್ದು ಹೋದವನು ಬಂದಿರಲಿಲ್ಲ. ಮಗ ನೇಸರಗಿಯ ಹಾದಿ ಹಿಡಿದು ಹುಡುಕಲು ಹೋಗಿದ್ದ. ಮುದುಕನಿಗೆ ಮರೆವು. ವರ್ಷದಿಂದ ತನ್ನ ಹೆಸರನ್ನೂ ಒಮ್ಮೊಮ್ಮೆ ಮರೆಯುತ್ತಿದ್ದ. ಹಾದಿಯಲ್ಲಿ ಯಾರಾದರೂ ನೀನಾರು ಎಂದರೆ ಉತ್ತರ ಹೇಳಲಾರ. ಆದ್ದರಿಂದ ಅವನು ಯಾರೆಂಬುದನ್ನು ಅವನ ಬದಲು ಒಂದು ಕಾಗದವೇ ಹೇಳಬೇಕಾಗಿತ್ತು.

ಬರೆಯುವ ಕಾರಕೂನ ಜ್ವರದಿಂದ ಮಲಗಿದ್ದ. ಹವಾಲ್ದಾರರು ನನ್ನ ಗಡಿಯಾರವನ್ನೂ ನನ್ನನ್ನೂ ನೋಡಿ, “ಸಾಹೇಬ್ರ, ನಿಮ್ಮ ಮುಳ್ಳ ಕೂಡಿತಿಲ್ಲ? ಹಂಗಾರ ಒಂದ ನಾಕ ಸಾಲ ಬರಕೊಡ್ರಿ. ನನ್ನ ಅಕ್ಷರ ನನಗ ಓದಾಕ ಬರೂದಿಲ್ಲ,” ಎಂದರು.

ನನ್ನ ಮುಂದೆ ಅಚ್ಚಾದ ಕಾಗದವನ್ನಿಟ್ಟರು. ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಪರಾರಿಯಾದ ಆರೋಪಿಯ ಚಹರೆ ಪಟ್ಟಿ’ ಎಂದಿತ್ತು. ಕಳೆದುಹೋದವರಿಗೆಂದು ಸರಕಾರ ಬೇರೆ ಕಾಗದ ಮಾಡಿಸಿರಲಿಲ್ಲ.

“ಅದರಾಗ ಆರೋಪಿ ಅನ್ನೂದನ್ನ ಹೊಡದ ಹಾಕ್ರಿ,” ಎಂದರು ಹವಾಲ್ದಾರರು. “ಮುದುಕ ಏನ ಕದ್ದಾನ? ಪರಾರಿ ಅನ್ನೂದನ್ನೂ ಹೊಡೀರಿ.”

“ಕೆಳಗ ಅಪರಾಧ ಅಂತ ಒಂದು ಕಲಂ ಐತ್ರಿ,” ಎಂದೆ.

ಅವರು ಸ್ವಲ್ಪ ಯೋಚಿಸಿ, “ಮರವು ಅಂತ ಬರೀರಿ,” ಎಂದರು.

ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲ. ಅದಕ್ಕೇ ಬಾಳವ್ವ ಜೊತೆಗೆ ಬಂದಿದ್ದಳು. “ಮೌನಪ್ಪ ಅಂತ್ರಿ,” ಎಂದಳು. ಮೌನವನ್ನು ಹೆಸರಿನಲ್ಲೇ ಹೊತ್ತವನು ಈಗ ಹೆಸರನ್ನೂ ಇಳಿಸಿಟ್ಟು ನಡೆದಿದ್ದ. ಎತ್ತರವೆಷ್ಟು, ಬಣ್ಣ ಯಾವುದು, ಮೂಗು ಹೇಗೆ ಎಂದು ಕೇಳಿದಾಗ ಬಾಳವ್ವ ಕೈ ಆಡಿಸಿದಳು. “ನನ್ನ ಕಣ್ಣಿಗೆ ಪೊರಿ ಬಂದ ಮೂರ ವರ್ಷ ಆತ್ರಿ. ನೀವು ಕರಿಯರೋ ಕೆಂಪಗದೀರೋ ಅದೂ ನನಗ ಕಾಣವೊಲ್ದು. ಮೂಗ ಎಲ್ಲಿಂದ ಹೇಳ್ಲಿ?”

ಸಿಪಾಯಿಯೊಬ್ಬ ಅವರ ಓಣಿಗೆ ಹೋಗಿ ಕೇಳಿಕೊಂಡು ಬಂದಿದ್ದ. ಮೂರು ಮನೆಯವರು ಮೂರು ಮೂಗು ಹೇಳಿದ್ದರು. ಒಬ್ಬರು ಗಡ್ಡವಿದೆ ಎಂದರೆ ಇನ್ನೊಬ್ಬರು ನುಣ್ಣಗೆ ಬೋಳಿಸಿದ ಮುಖವೆಂದಿದ್ದರು. ಉಳಿದವಳು ನೀಲವ್ವ. ಒಂದೇ ಮನೆಯಲ್ಲಿ ಒಂಬತ್ತು ವರ್ಷ ಅವನಿಗೆ ಅನ್ನ ಹಾಕಿದವಳು. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತ ಕುಳಿತಿದ್ದಳು.

“ಮೂಗ ಉದ್ದೇನವ್ವಾ?” ಎಂದರು ಹವಾಲ್ದಾರರು.

ನೀಲವ್ವ ಸೆರಗನ್ನು ಇನ್ನಷ್ಟು ಎಳೆದುಕೊಂಡು, “ಮಾರಿ ನಾ ನೋಡಿಲ್ರಿ,” ಎಂದಳು.

ನನಗೆ ನಗು ಬಂದಿತ್ತು. ಈಗ ಅದನ್ನು ಒಪ್ಪಿಕೊಳ್ಳಬೇಕು. ಒಂಬತ್ತು ವರ್ಷ ಜೊತೆಗಿದ್ದ ಮನುಷ್ಯನ ಮುಖ ನೋಡಿಲ್ಲವೆಂದರೇನು? ಹವಾಲ್ದಾರರು ನಗಲಿಲ್ಲ. ಮಾವ ಎದುರು ಬಂದರೆ ಸೊಸೆ ಗೋಡೆಗೆ ಸರಿದು ತಲೆ ತಗ್ಗಿಸುವ ಮನೆಗಳು ಅವರಿಗೆ ಗೊತ್ತಿದ್ದವು. ನನಗೂ ಗೊತ್ತಿದ್ದವು, ಆದರೆ ಪುಣೆಯಿಂದ ಬಂದವನು ಗೊತ್ತಿಲ್ಲದವನಂತೆ ಕುಳಿತಿದ್ದೆ.

“ಹಂಗಾರ ನೀ ಏನ ನೋಡಿದಿ, ಅದನ್ನ ಹೇಳ. ಗಡಬಡಿ ಬ್ಯಾಡ,” ಎಂದರು.

ಆಗ ಅವಳು ಹೇಳತೊಡಗಿದಳು. ಮೂರೂವರೆ ರೊಟ್ಟಿ ಉಣ್ಣುತ್ತಾನೆ, ನಾಲ್ಕನೆಯದರ ಅರ್ಧವನ್ನು ಮುಚ್ಚಿಡುತ್ತಾನೆ. ಉಪ್ಪು ಕಡಿಮೆಯಾದರೆ ಹೇಳುವುದಿಲ್ಲ, ಕೆಮ್ಮುತ್ತಾನೆ. ಕೂಡುವ ಮುಂಚೆ ಮಣೆಯನ್ನು ಅಲುಗಾಡಿಸಿ ಅದರ ಕಾಲು ಗಟ್ಟಿಯಿದೆಯೇ ಎಂದು ನೋಡುತ್ತಾನೆ. ಪಾದ ಅಗಲ, ಹಿಮ್ಮಡಿ ಒಡೆದಿವೆ. ದಿನವೂ ಹೊರಗಿನಿಂದ ಬಂದಾಗ ಎದುರು ನಿಂತು ಕಾಲಿಗೆ ನೀರು ಕೊಡುವವಳು ತಾನೇ. ಒಂದು ಕಾಲಿಗೆ ಕಿರುಬೆರಳಿಲ್ಲ. ಹರೆಯದಲ್ಲಿ ಕಟ್ಟಿಗೆ ಕೆತ್ತುವ ಬಾಚಿ ಬಡಿದು ಹೋದದ್ದು.

“ಯಾವ ಕಾಲು?” ಎಂದೆ ನಾನು. ಇಡೀ ಕಾಗದದಲ್ಲಿ ‘ಮೈಮೇಲಿನ ಗುರುತು’ ಎಂಬ ಒಂದು ಕಲಮಾದರೂ ತುಂಬುವಂತಾಯಿತಲ್ಲ ಎಂಬ ಸಡಗರ ನನಗೆ.

“ಈ ಕಡೆ ಕಾಲ್ರಿ,” ಎಂದು ಅವಳು ನೆಲ ನೋಡುತ್ತಲೇ ಬಲಗೈಯನ್ನು ತನ್ನ ಬಲಕ್ಕೆ ಸ್ವಲ್ಪ ಸರಿಸಿ ತೋರಿಸಿದಳು.

ನಾನು ‘ಬಲಗಾಲು’ ಎಂದು ಬರೆದೆ. ಚೆಂದದ ಅಕ್ಷರದಲ್ಲಿ, ನಾಲ್ಕು ಪ್ರತಿಗಳಲ್ಲಿ. ಸವದತ್ತಿಗೊಂದು, ಮುನವಳ್ಳಿಗೊಂದು, ರಾಮದುರ್ಗಕ್ಕೊಂದು, ತೊರಗಲ್ಲಿಗೊಂದು. ನಮ್ಮದು ಕಂಪನಿ ಸರಕಾರವೆಂದು ಮುದುಕರು ಇನ್ನೂ ಕರೆಯುತ್ತಿದ್ದ ಇಂಗ್ರೇಜಿ ಸರಕಾರದ ಸರಹದ್ದು, ರಾಮದುರ್ಗ ಬೇರೆ ಸಂಸ್ಥಾನ, ತೊರಗಲ್ಲು ಮತ್ತೊಂದು ಜಹಗೀರು. ಮರೆತ ಮುದುಕ ಮೂರು ರಾಜ್ಯಗಳನ್ನು ತಿಳಿಯದೆ ದಾಟಬಲ್ಲ. ಅವನ ಬೆನ್ನು ಹತ್ತಿದ ಕಾಗದ ಮಾತ್ರ ಪ್ರತಿ ಸರಹದ್ದಿನಲ್ಲೂ ನಿಂತು ಸಲಾಮು ಮಾಡಬೇಕು. ಆ ಊರುಗಳಿಗೆ ಹೋಗುವ ಹತ್ತಿಯ ಗಾಡಿಯವರನ್ನು ಹಿಡಿದು ಹವಾಲ್ದಾರರೇ ಕಾಗದಗಳನ್ನು ಕಳಿಸಿದರು.

ಆರು ದಿನ ನಾನು ಹತ್ತರ ತಾಸಿಗೆ ಠಾಣೆಗೆ ಹೋದೆ. ಆರೂ ದಿನ ನೀಲವ್ವ ಕಟ್ಟೆಯ ತುದಿಯಲ್ಲಿ ಕುಳಿತಿದ್ದಳು. ಕಾಳಪ್ಪ ನೇಸರಗಿಯಿಂದ ಬರಿಗೈಯಲ್ಲಿ ಬಂದು ಮತ್ತೆ ಕಿತ್ತೂರಿನ ಕಡೆ ಹೋಗಿದ್ದ. ಅತ್ತೆ ಸತ್ತ ಮನೆಯಲ್ಲಿ ಮಾವನೂ ಹೀಗೆ ಹಾದಿಯ ಪಾಲಾದರೆ, ಕಾಯಲಾರದವಳೆಂಬ ಮಾತು ತನ್ನ ತಲೆಯ ಮೇಲೆ ಕೂಡುತ್ತದೆಂದು ನೀಲವ್ವ ಬಾಳವ್ವನ ಮುಂದೆ ಅತ್ತಿದ್ದಳಂತೆ. ಮುದುಕ ಎದ್ದು ಹೋದಾಗ ಅವಳು ಹಿಟ್ಟು ಬೀಸುತ್ತಿದ್ದಳು. ಬೀಸುವ ಕಲ್ಲಿನ ಸಪ್ಪಳದಲ್ಲಿ ಬಾಗಿಲಿನ ಸಪ್ಪಳ ಕೇಳಿರಲಿಲ್ಲ.

ಏಳನೆಯ ದಿನ ತೊರಗಲ್ಲಿನಿಂದ ಉತ್ತರ ಬಂತು. ಕೋಟೆಯ ಬಾಗಿಲಿನ ಚಾವಡಿಯಲ್ಲಿ ಹೆಸರು ಹೇಳದ ಒಬ್ಬ ಮುದುಕ ಮೂರು ದಿನದಿಂದ ಇದ್ದಾನೆ, ಕಿರುಬೆರಳೂ ಇಲ್ಲ, ಆದರೆ ಇಲ್ಲದ್ದು ಎಡಗಾಲಿನದು, ತಾವು ಬರೆದದ್ದು ಬಲಗಾಲು, ಆದ್ದರಿಂದ ಇವನು ತಮ್ಮವನಲ್ಲವೆಂದು ತಿಳಿದು ಬಿಟ್ಟುಕಳಿಸುತ್ತಿದ್ದೇವೆ. ಇಷ್ಟು.

ಹವಾಲ್ದಾರರು ನನ್ನಿಂದ ಅದನ್ನು ಎರಡು ಸಲ ಓದಿಸಿದರು. ಆಮೇಲೆ, “ಬಲಗಾಲು ಅನ್ನೂದು ಆಕಿ ಅಂದಿದ್ದೋ, ನೀವ ಅಂದಿದ್ದೋ?” ಎಂದರು.

ಅವಳೇ ಎಂದೆ. ಖಂಡಿತವಾಗಿ ಎಂದೆ. ನನ್ನ ಕಣ್ಣಾರೆ ಅವಳು ಬಲಗೈ ಸರಿಸಿದ್ದನ್ನು ನೋಡಿದ್ದೇನೆ ಎಂದೆ. ನನ್ನ ನೆನಪು ನಿಚ್ಚಳವಾಗಿತ್ತು, ಸುಳ್ಳಾಗಿರಲಿಲ್ಲ, ಆದರೂ ತಪ್ಪಾಗಿತ್ತು. ಅಂದಿನಿಂದ ನಿಚ್ಚಳವಾದ ನೆನಪಿಗೇ ನಾನು ಹೆಚ್ಚು ಹೆದರುತ್ತೇನೆ.

ನೀಲವ್ವ ಆ ದಿನ ಇನ್ನೂ ಬಂದಿರಲಿಲ್ಲ. ಹವಾಲ್ದಾರರು ರುಮಾಲು ಸರಿಮಾಡಿಕೊಂಡು ಅವಳ ಮನೆಯ ಕಡೆಗೇ ನಡೆದರು, ನಾನು ಹಿಂದೆ. ಹಾದಿಯಲ್ಲಿ ಅವರು ತಮಗೆ ತಾವೇ ಹೇಳಿಕೊಂಡಂತೆ, “ಬಡಿಗ್ಯಾರು ಕಟ್ಟಿಗಿ ಎಡಗಾಲಿಲೆ ಒತ್ತಿ ಹಿಡೀತಾರ. ಬಾಚಿ ಬಲಗೈಯಾಗ ಇರತೈತಿ. ಹೋದರ ಎಡಗಾಲ ಬೆರಳ ಹೋಗಬೇಕು. ಇದ ನನಗ ಅವತ್ತ ಹೊಳಿಬೇಕಾಗಿತ್ತು,” ಎಂದರು.

ಅಂಗಳದಲ್ಲಿ ಅರ್ಧ ಕೆತ್ತಿದ ಗಾಡಿಯ ನೊಗ ಬಿದ್ದಿತ್ತು. ಒಳಗೆ ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ಹವಾಲ್ದಾರರು ಹೊಸ್ತಿಲ ಈಚೆಗೇ ನಿಂತು, ಎಡ ಬಲ ಎಂಬ ಮಾತನ್ನೇ ಎತ್ತದೆ ಕೇಳಿದರು: “ತಂಗಿ, ಆ ಬೆರಳಿಲ್ಲದ ಕಾಲು ನಿಮ್ಮ ಮಾವಗ ಉಣ್ಣೂ ಕೈ ಕಡೇದೇನು?”

“ಅಲ್ರಿ,” ಎಂದಳು ನೀಲವ್ವ ಬಾಗಿಲ ಮರೆಯಿಂದ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಉಣ್ಣೂ ಕೈ ಆ ಕಡೆ. ಇದು ತಂಬಿಗಿ ಇಡೂ ಕಡೆ ಕಾಲ್ರಿ.”

ಬಡಿಸಲು ಎದುರು ನಿಂತವಳಿಗೆ ಉಣ್ಣುವವನ ಎಡಬದಿ ತನ್ನ ಬಲಗಡೆಗೆ ಬರುತ್ತದೆ. ಅವಳು ಕೈ ಸರಿಸಿ ತೋರಿಸಿದ್ದು ತನ್ನ ಬಲವನ್ನಲ್ಲ. ಎದುರಿಗೆ ಕಾಲೊಡ್ಡಿ ನಿಂತ ಮಾವನನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಆ ಕಾಲಿದ್ದ ಜಾಗವನ್ನು. ಅವಳು ಸರಿಯಾಗಿಯೇ ತೋರಿಸಿದ್ದಳು. ಅದನ್ನು ನನ್ನ ಎಡಬಲಗಳಿಗೆ ತಂದು ಕೆಡಿಸಿದವನು ನಾನು.

ಠಾಣೆಗೆ ಮರಳಿ ಎರಡನೆಯ ಕಾಗದವನ್ನು ಬರೆದೆ. ಹವಾಲ್ದಾರರು ಹೇಳಿ ಬರೆಸಿದ್ದು: ಹಿಂದಿನ ಬರಹದಲ್ಲಿ ಈ ಠಾಣೆಯ ಕೈತಪ್ಪಿನಿಂದ ಬಲಗಾಲು ಎಂದು ಬಿದ್ದಿದೆ, ಎಡಗಾಲು ಎಂದು ಓದಿಕೊಳ್ಳಬೇಕು, ಮನುಷ್ಯನನ್ನು ದಯಮಾಡಿ ಹೋಗಗೊಡಬಾರದು. ಕಾಲಿನ ವಿಷಯದ ಕೈತಪ್ಪು. ಕೈ ಯಾರದೆಂದು ಅದರಲ್ಲಿ ಇರಲಿಲ್ಲ. “ನನ್ನ ಹೆಸರು ಹಾಕಲೇನ್ರಿ?” ಎಂದು ನಾನು ಕೇಳಿದೆನೆಂದು ಒಂದು ನೆನಪಿದೆ. ಕೇಳಬೇಕಾಗಿತ್ತು ಎಂಬ ಆಸೆ ಮುಂದೆ ಎಂದಾದರೂ ನೆನಪಿನ ವೇಷ ಹಾಕಿಕೊಂಡಿರಲೂಬಹುದು. ಹವಾಲ್ದಾರರು ಕೆಳಗೆ ತಮ್ಮ ಸಹಿಯನ್ನು ನಿಧಾನವಾಗಿ ಬರೆದರು. ಸಿಪಾಯಿಯೊಬ್ಬ ಠಾಣೆಯ ಕುದುರೆ ಹತ್ತಿ ಹೊರಟ.

ಬಿಟ್ಟುಕಳಿಸುತ್ತಿದ್ದೇವೆ ಎಂದು ಅವರು ಬರೆದು ಎಷ್ಟು ದಿನವಾಗಿತ್ತೋ ಏನೋ. ತೊರಗಲ್ಲಿನಿಂದ ಹೊಳೆ ದೂರವಿಲ್ಲ. ನಾನು ಮುಂದಿನ ಮೂರು ದಿನ ಠಾಣೆಗೆ ಹೋಗಲಿಲ್ಲ. ಗಡಿಯಾರ ಐದು ನಿಮಿಷ ಹಿಂದೆ ಬಿತ್ತು, ಹಾಗೆಯೇ ಬಿಟ್ಟೆ. ನಾಲ್ಕನೆಯ ದಿನ ಬಾಳವ್ವ ನಮ್ಮ ಅಂಗಳದಲ್ಲಿ ನಿಂತು, “ಬಂದಾನ್ರಿ ಮುದುಕ, ಗಾಡ್ಯಾಗ ಕುಂತ ರಾಜಾನಂಗ ಬಂದಾನ,” ಎಂದು ಕೂಗಿದಾಗ ಓಡಿಹೋದೆ.

ಸಿಪಾಯಿ ಹೇಳಿದ ಸಂಗತಿ ಇದು. ತೊರಗಲ್ಲಿನವರು ಮುದುಕನನ್ನು ಬಿಟ್ಟಿದ್ದು ನಿಜ; “ಹೋಗಪಾ, ನಿನ್ನ ಊರಿಗೆ ನೀ ಹೋಗ,” ಎಂದು ಬುತ್ತಿಯನ್ನೂ ಕಟ್ಟಿಕೊಟ್ಟಿದ್ದರು. ಅವನು ಕೋಟೆಯ ಬಾಗಿಲಿನವರೆಗೆ ಹೋಗಿ, ದೊಡ್ಡ ಕದದಲ್ಲಿದ್ದ ದಿಡ್ಡಿಬಾಗಿಲು ಒಂದು ಕಡೆ ಜೋತಿದ್ದನ್ನು ಕಂಡು ಅಲ್ಲಿಯೇ ಕುಳಿತುಬಿಟ್ಟಿದ್ದ. ಯಾರದೋ ಮನೆಯಿಂದ ಬಾಚಿ ಉಳಿ ತರಿಸಿಕೊಂಡಿದ್ದ. ಸಿಪಾಯಿ ಹೋಗಿ ನಿಂತಾಗ ಕಟ್ಟಿಗೆಯನ್ನು ಎಡಗಾಲಿನಿಂದ ಒತ್ತಿ ಹಿಡಿದು ಕೆತ್ತುತ್ತಿದ್ದನಂತೆ. ಮುಗಿಯುವವರೆಗೆ ಎಬ್ಬಿಸಲು ಆಗಲಿಲ್ಲವಂತೆ. ಹೆಸರನ್ನು ಮರೆತವನು ಕೆಲಸವನ್ನು ಮರೆತಿರಲಿಲ್ಲ. ನಮ್ಮ ಚಹರೆ ಪಟ್ಟಿಯಲ್ಲಿ ಅದಕ್ಕೆ ಕಲಂ ಇರಲಿಲ್ಲ.

ಒಪ್ಪಿಸುವ ಮುನ್ನ ಗುರುತು ಹಿಡಿಸಬೇಕೆಂಬುದು ಕಾಯಿದೆ. ಮಗ ಇನ್ನೂ ಬಂದಿರಲಿಲ್ಲ. ಹವಾಲ್ದಾರರು ಮುದುಕನನ್ನು ಕಟ್ಟೆಯ ಮೇಲೆ ಕೂಡಿಸಿ, “ಇವರ ಏನವ್ವಾ?” ಎಂದರು. ನೀಲವ್ವ ತಲೆಯೆತ್ತಲಿಲ್ಲ. ಧೂಳು ಮೆತ್ತಿದ ಆ ಅಗಲ ಪಾದಗಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು. “ಹೌದ್ರಿ, ಇವರ,” ಎಂದಳು. ಹವಾಲ್ದಾರರು ಮುಖ ನೋಡು ಎನ್ನಲಿಲ್ಲ. ಬರೆದುಕೊಳ್ಳಿ ಎಂದು ನನಗೆ ಸನ್ನೆ ಮಾಡಿದರು.

ಠಾಣೆಯ ತಂಬಿಗೆಯಿಂದಲೇ ಅವಳು ಅವನ ಕಾಲಿಗೆ ನೀರು ಹಾಕಿದಳು. ಮುದುಕ ಒಂದೊಂದಾಗಿ ಪಾದ ಚಾಚಿದ. ಆಮೇಲೆ ಬಹಳ ಮರ್ಯಾದೆಯಿಂದ, “ಯಾರ ಮನಿಯವರವ್ವಾ ನೀವು?” ಎಂದು ಕೇಳಿದ.

ಹಿಂದೆ ಅವನು ತನ್ನ ಹೆಸರು ಮರೆತರೂ ಅವಳನ್ನು ಮರೆತಿರಲಿಲ್ಲವಂತೆ. ನೀಲವ್ವಾ ಎಂದೇ ಕರೆಯುತ್ತಿದ್ದನಂತೆ. ನೀಲವ್ವನ ಕೈಯ ನೀರು ನಿಂತಿತು. ಆಗ ಅವಳು ಸೆರಗನ್ನು ಹಿಂದೆ ಸರಿಸಿ ಅವನ ಮುಖವನ್ನು ನೇರವಾಗಿ ನೋಡಿದಳು. “ನಿಮ್ಮ ಮನಿಯವರ್ರಿ,” ಎಂದಳು.

ಮೊದಲನೆಯ ಕಾಗದವೇ ಸರಿಯಾಗಿದ್ದರೆ ಅವನು ನಾಲ್ಕೈದು ದಿನ ಮೊದಲು ಮನೆ ಸೇರುತ್ತಿದ್ದ. ಆ ದಿನಗಳಲ್ಲೇ ಅವಳ ಹೆಸರು ಅವನಿಂದ ಉದುರಿತೋ, ಮನೆಯಲ್ಲಿದ್ದರೂ ಉದುರುತ್ತಿತ್ತೋ, ಯಾರು ಹೇಳಬೇಕು? ಎರಡನೆಯದನ್ನು ನಂಬಿಕೊಳ್ಳಲು ನನಗೆ ಅನುಕೂಲ; ಅನುಕೂಲವಾಗಿದೆ ಎಂಬ ಕಾರಣಕ್ಕೇ ನಂಬಲಾರೆ. ತಪ್ಪು ನನ್ನದೆಂದು ನೀಲವ್ವನಿಗೆ ನಾನು ಎಂದೂ ಹೇಳಲಿಲ್ಲ. ರಜೆ ಮುಗಿಯಿತು, ಪುಣೆಗೆ ಹೋದೆ. ದಿನಚರಿಯಲ್ಲಿ ಆ ವಾರವೆಲ್ಲ ಹವೆಯ ವಿಷಯವಿದೆ, ಪರೀಕ್ಷೆಯ ವಿಷಯವಿದೆ. ನೆನಪನ್ನು ತಿದ್ದಲೆಂದು ಇಟ್ಟುಕೊಂಡ ಪುಸ್ತಕವೇ ಬಾಯಿ ಮುಚ್ಚಿ ಕುಳಿತಿದೆ; ಮಾತಾಡುತ್ತಿರುವುದು ನಾನು ನಂಬದ ನೆನಪು.

ಮೊನ್ನೆ ನನ್ನ ಹೆಂಡತಿ ಬಾವಿಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ನಿನ್ನೆ ಮಧ್ಯಾಹ್ನ, ಮದುವೆಯಾದಂದಿನಿಂದ ಮೊದಲ ಬಾರಿಗೆ, ನಾನು ಅವಳಿಗೆ ಬಡಿಸಿದೆ. ತಟ್ಟೆ ಇಟ್ಟೆ, ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ, ನನ್ನ ತಂಬಿಗೆಯಲ್ಲೇ ನೀರು ತುಂಬಿ, ರೂಢಿಯಂತೆ ನನ್ನ ಎಡಗಡೆಗೆ ಇಟ್ಟು ಎದುರು ಕುಳಿತೆ. ಅವಳು ತಂಬಿಗೆಯನ್ನು ಎತ್ತಿ ತಟ್ಟೆಯ ಇನ್ನೊಂದು ಕಡೆಗೆ ಇಟ್ಟುಕೊಂಡಳು.

“ಯಾಕ, ಅಲ್ಲೇ ಇದ್ದರ ಏನಾಗತಿತ್ತು?” ಎಂದೆ.

“ಅದು ನನ್ನ ಉಣ್ಣೂ ಕೈ ಕಡೆ ಆತಲ್ರೀ,” ಎಂದಳು, ನಗುತ್ತ.

ನೀಲವ್ವನ ಕಥೆಯನ್ನು ಅವಳಿಗೆ ನಾನು ಹೇಳಿರಲೇ ಇಲ್ಲ. ಸಂಜೆ ಎಲ್ಲವನ್ನೂ ಹೇಳಿದೆ, ಬಲಗಾಲು ಎಂದು ಬರೆದವನು ಯಾರೆಂಬುದನ್ನೂ. ದಿನಚರಿ ತೆಗೆದು ಅದೊಂದು ಸಾಲನ್ನು ಬರೆದೂ ಇಟ್ಟೆ.

ಇಂದು ತಟ್ಟೆ ಇಡುವಾಗ ಸ್ವಲ್ಪ ತಡೆದೆ. ಮನಸ್ಸಿನಲ್ಲಿ ಒಮ್ಮೆ ಅವಳ ಮಣೆಯ ಮೇಲೆ ಹೋಗಿ ಕುಳಿತು, ಅಲ್ಲಿಂದ ನನ್ನ ಕಡೆ ನೋಡಿದೆ. ಆಮೇಲೆ ತಂಬಿಗೆಯನ್ನು ನನ್ನ ಬಲಗಡೆಗೆ ಇಟ್ಟೆ. ಅವಳು ರೊಟ್ಟಿ ಮುರಿದಳು, ಏನೋ ಹೇಳುತ್ತ ಒಂದು ತುತ್ತು ಬಾಯಿಗಿಟ್ಟಳು. ಅವಳ ಎಡಗೈ, ನೋಡದೆಯೇ, ಹೋಗಿ ಆ ನೆಗ್ಗನ್ನು ಹುಡುಕಿಕೊಂಡಿತು.